ಹಗುರ ಬ್ಯಾಕ್‌ಪ್ಯಾಕ್: ಗ್ರಾಂ ನೋಡುವ ಮೊದಲು ಬೆನ್ನು ಅಳೆಯಿರಿ

ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಚಾರಣಕ್ಕೋ, ಒಂದೆರಡು ರಾತ್ರಿ ಹೊರಗೆ ಕಳೆದು ಬರುವ ಪುಟ್ಟ ಪ್ರವಾಸಕ್ಕೋ ಬ್ಯಾಗ್ ಕೊಳ್ಳಲು ಹೊರಟವರು ಮೊದಲು ನೋಡುವುದು ಎರಡು ಅಂಕಿಗಳನ್ನು. ಎಷ್ಟು ಲೀಟರ್, ಎಷ್ಟು ಗ್ರಾಂ. ಎರಡೂ ಬೇಕಾದವೇ. ಆದರೆ ನಾಲ್ಕು ಗಂಟೆ ನಡೆದ ಮೇಲೆ ಭುಜ ನೋಯುತ್ತದೋ ಇಲ್ಲವೋ ಎಂಬುದು ಇವೆರಡರಿಂದ ಗೊತ್ತಾಗುವುದಿಲ್ಲ. ಬ್ಯಾಗಿನ ಬೆನ್ನಿನ ಉದ್ದ ನಿಮ್ಮ ಬೆನ್ನಿಗೆ ಹೊಂದಬೇಕು. ನೀವು ತುಂಬುವ ಭಾರವನ್ನು ಕುಸಿಯದೆ ತಾಳುವ ಗಟ್ಟಿತನ ಅದಕ್ಕಿರಬೇಕು. ಈ ಎರಡು ಸರಿಯಿದ್ದ ಒಂದು ಕೆಜಿಯ ಬ್ಯಾಗ್, ಇವೆರಡೂ ತಪ್ಪಿದ ಅರ್ಧ ಕೆಜಿಯ ಬ್ಯಾಗಿಗಿಂತ ಬೆನ್ನಿಗೆ ಹಗುರ ಅನ್ನಿಸುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ಹಾಗಾಗಿ ಬ್ಯಾಗನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೊಳ್ಳುವುದು ಒಳ್ಳೆಯದು. ಒಳಗೆ ಹೋಗುವ ಸಾಮಾನೆಲ್ಲ ಒಂದೆಡೆ ಸೇರಲಿ, ಅದನ್ನು ತೂಗಿ ನೋಡಿ, ಆಮೇಲೆ ಆ ತೂಕಕ್ಕೂ ಆ ಗಾತ್ರಕ್ಕೂ ತಕ್ಕ ಬ್ಯಾಗ್ ಹುಡುಕಿ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು. ಮೊದಲು ದೊಡ್ಡ ಬ್ಯಾಗ್ ಮನೆಗೆ ಬರುತ್ತದೆ, ಅದರಲ್ಲಿ ಜಾಗ ಉಳಿಯಿತೆಂದು ಇನ್ನೊಂದು ಜೊತೆ ಬಟ್ಟೆ, ಇನ್ನೊಂದು ಟವೆಲು, ಯಾವುದಕ್ಕೂ ಇರಲಿ ಎಂದು ಮತ್ತೊಂದಿಷ್ಟು ಸೇರಿಕೊಳ್ಳುತ್ತವೆ.

ತೂಗುವಾಗ ಚಾರಣಿಗರು ‘ಬೇಸ್ ವೆಯ್ಟ್’ ಎನ್ನುವ ಲೆಕ್ಕ ಉಪಯೋಗಕ್ಕೆ ಬರುತ್ತದೆ. ನೀರು, ಆಹಾರ, ಸ್ಟೌವಿನ ಇಂಧನ ಇವು ದಾರಿಯುದ್ದಕ್ಕೂ ಖರ್ಚಾಗುತ್ತ ಹೋಗುತ್ತವೆ. ಅವನ್ನು ಬಿಟ್ಟು, ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೂ ಬೆನ್ನ ಮೇಲೇ ಇರುವ ಭಾರ ಬೇಸ್ ವೆಯ್ಟ್. ಇದು ಸುಮಾರು 9 ಕೆಜಿಯ ಒಳಗಿದ್ದರೆ ‘ಲೈಟ್‌ವೆಯ್ಟ್’, 4.5 ಕೆಜಿಯ ಒಳಗಿದ್ದರೆ ‘ಅಲ್ಟ್ರಾಲೈಟ್’ ಎನ್ನುವುದು ರೂಢಿ. 20 ಪೌಂಡ್, 10 ಪೌಂಡ್ ಎಂಬ ದುಂಡು ಅಂಕಿಗಳಿಂದ ಬಂದ ಗಡಿಗಳಿವು, ಅಷ್ಟೇ. ಅವನ್ನು ಮುಟ್ಟಲೇಬೇಕೆಂಬ ಹಟ ಬೇಡ.

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಹಗಲಿನ ಚಾರಣಕ್ಕೆ ಎರಡು ಲೀಟರ್ ನೀರು ಅಂದರೆ 2 ಕೆಜಿ, ಊಟ ತಿಂಡಿ ಮುಕ್ಕಾಲು ಕೆಜಿ, ಮಳೆ ಜಾಕೆಟ್ಟು ಮತ್ತು ಬೆಚ್ಚನೆಯ ಒಂದು ಅಂಗಿ ಸೇರಿ ಮುಕ್ಕಾಲು ಕೆಜಿ, ಪ್ರಥಮ ಚಿಕಿತ್ಸೆಯ ಪೊಟ್ಟಣ, ತಲೆಗೆ ಕಟ್ಟುವ ಟಾರ್ಚು ಇತ್ಯಾದಿ ಅರ್ಧ ಕೆಜಿ. ಒಟ್ಟು 4 ಕೆಜಿ. ರಾತ್ರಿ ಉಳಿಯುವುದಾದರೆ ಇದರ ಮೇಲೆ 1.2 ಕೆಜಿಯ ಟೆಂಟು, 900 ಗ್ರಾಮಿನ ಸ್ಲೀಪಿಂಗ್ ಬ್ಯಾಗು, 400 ಗ್ರಾಮಿನ ಮ್ಯಾಟು, ಸ್ಟೌ ಮತ್ತು ಪಾತ್ರೆ, ಇನ್ನಷ್ಟು ಬಟ್ಟೆ, ಇನ್ನಷ್ಟು ಆಹಾರ ಸೇರಿ 7ರಿಂದ 8 ಕೆಜಿ ಆಗುತ್ತದೆ. ಟೆಂಟೇ ಎರಡೂವರೆ ಕೆಜಿ, ಸ್ಲೀಪಿಂಗ್ ಬ್ಯಾಗು ಎರಡು ಕೆಜಿ ಇದ್ದರೆ ಲೆಕ್ಕ 10 ಕೆಜಿಯ ಆಸುಪಾಸಿಗೆ ಬರುತ್ತದೆ. ಆ ಸ್ಥಿತಿಯಲ್ಲಿ 300 ಗ್ರಾಂ ಉಳಿಸುವ ಬ್ಯಾಗಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ. ಇಳಿಸಬೇಕಾದ ಭಾರ ಟೆಂಟಿನಲ್ಲಿದೆ, ಹಾಸಿಗೆಯಲ್ಲಿದೆ.

ಎಮ್ಮಾ ಗೇಟ್‌ವುಡ್ ಎಂಬ ಮಹಿಳೆ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಮೆರಿಕದ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಅದು 3,000 ಕಿಲೋಮೀಟರಿಗೂ ಉದ್ದದ ಹಾದಿ. ಅವರು ಹೊತ್ತದ್ದು ತಾವೇ ಹೊಲಿದ ಡೆನಿಮ್ ಚೀಲವನ್ನು. ಅದಕ್ಕೆ ಕುಸಿಯದಂತೆ ತಡೆಯುವ ಫ್ರೇಮ್ ಇರಲಿಲ್ಲ, ಸೊಂಟದ ಬೆಲ್ಟೂ ಇರಲಿಲ್ಲ. ಆ ಚೀಲ ಸಾಕಾದದ್ದು ಒಳಗೆ ಒಂದು ಕಂಬಳಿ, ಒಂದು ರೇನ್‌ಕೋಟು, ಮಳೆಗೆ ಹೊದೆಯಲು ಪ್ಲಾಸ್ಟಿಕ್ಕಿನ ಒಂದು ಪರದೆ, ಇಂಥ ಕೆಲವೇ ಸಾಮಾನು ಇದ್ದುದರಿಂದ. ಅದೇ ಚೀಲಕ್ಕೆ ಹನ್ನೆರಡು ಕೆಜಿ ತುಂಬಿದ್ದರೆ ಅವರ ಭುಜ ಒಂದು ವಾರವೂ ತಾಳುತ್ತಿರಲಿಲ್ಲ.

ಲೀಟರ್ ಎಂಬ ಸಡಿಲ ಅಳತೆ

ಹಗಲಿನ ಚಾರಣಕ್ಕೆ 15ರಿಂದ 25 ಲೀಟರ್, ಒಂದೆರಡು ರಾತ್ರಿಗೆ 30ರಿಂದ 45 ಲೀಟರ್ ಸಾಕು. ಚಳಿ ಹೆಚ್ಚಿರುವ ಕಡೆ ಬಟ್ಟೆಯೂ ಸ್ಲೀಪಿಂಗ್ ಬ್ಯಾಗೂ ಉಬ್ಬುವುದರಿಂದ ಮೇಲಿನ ತುದಿಯ ಕಡೆ ಸರಿಯಬೇಕು.

ಆದರೆ ಒಂದು ಕಂಪನಿಯ 35 ಲೀಟರ್ ಇನ್ನೊಂದರ 40ಕ್ಕೆ ಸಮವಾಗಿರಬಹುದು. ಗಾತ್ರ ಅಳೆಯಲು ಎಎಸ್‌ಟಿಎಂ ಎಫ್2153 ಎಂಬ ಮಾನದಂಡವಿದೆ. 20 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗೋಲಿಗಳನ್ನು ಬ್ಯಾಗಿನೊಳಗೆ ಸುರಿದು, ಎಷ್ಟು ಹಿಡಿಯಿತೆಂದು ಅಳೆಯುವ ವಿಧಾನ ಅದು. ಎಲ್ಲರೂ ಅದನ್ನೇ ಪಾಲಿಸುವುದಿಲ್ಲ. ಕೆಲವರು ಮುಖ್ಯ ಚೀಲವನ್ನು ಮಾತ್ರ ಎಣಿಸುತ್ತಾರೆ. ಹಲವು ಪುಟ್ಟ ತಯಾರಕರು ಹೊರಗಿನ ಬಲೆ ಜೇಬು, ಪಕ್ಕದ ಜೇಬು, ಮೇಲೆ ಎತ್ತಿ ಸುತ್ತುವ ಕತ್ತಿನ ಭಾಗ ಎಲ್ಲವನ್ನೂ ಕೂಡಿಸಿ ಹೇಳುತ್ತಾರೆ. ಒಂದೇ ಮಾದರಿಯಲ್ಲೂ ಸಣ್ಣ ಬೆನ್ನಿನ ಸೈಜಿಗೂ ದೊಡ್ಡ ಬೆನ್ನಿನ ಸೈಜಿಗೂ ಎರಡು ಮೂರು ಲೀಟರ್ ವ್ಯತ್ಯಾಸ ಬರುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮ ಸಾಮಾನನ್ನೇ ಕೊಂಡೊಯ್ದು ತುಂಬಿ ನೋಡುವುದು ಈ ಗೊಂದಲಕ್ಕೆ ಪರಿಹಾರ. ಆನ್‌ಲೈನಿನಲ್ಲಿ ತರಿಸುವುದಾದರೆ, ಸಾಮಾನನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ.

ಬೆನ್ನಿನ ಅಳತೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಹೆಚ್ಚಿನ ನೋವು ಹುಟ್ಟುವುದು ಇಲ್ಲಿಯೇ.

ಬ್ಯಾಗಿನ ಸೈಜಿಗೂ ನಿಮ್ಮ ಎತ್ತರಕ್ಕೂ ನೇರ ಸಂಬಂಧವಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ ಇರಬಹುದು. ಬೇಕಾದದ್ದು ಮುಂಡದ ಉದ್ದ. ತಲೆಯನ್ನು ಮುಂದಕ್ಕೆ ಬಗ್ಗಿಸಿ ಕತ್ತಿನ ಹಿಂಬದಿಯನ್ನು ಸವರಿದರೆ, ಕತ್ತು ಭುಜಕ್ಕೆ ಸೇರುವಲ್ಲಿ ಒಂದು ಮೂಳೆ ಉಬ್ಬಿಕೊಂಡಿರುವುದು ಕೈಗೆ ಸಿಗುತ್ತದೆ. ಅದು ಏಳನೆಯ ಕತ್ತಿನ ಕಶೇರು, ವೈದ್ಯರ ಭಾಷೆಯಲ್ಲಿ ಸಿ7. ಅಲ್ಲಿಂದ ಅಳತೆ ಶುರು. ಈಗ ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿ. ಎರಡು ಹೆಬ್ಬೆರಳುಗಳ ನಡುವೆ ಎಳೆದ ಗೆರೆ ಬೆನ್ನುಮೂಳೆಯನ್ನು ದಾಟುವ ಕಡೆ ಅಳತೆ ಮುಗಿಯುತ್ತದೆ. ಟೇಪು ಬೆನ್ನಿನ ಬಾಗನ್ನು ಅನುಸರಿಸಿ ಇಳಿಯಬೇಕು, ಬಿಗಿದು ನೇರ ಹಿಡಿಯಬಾರದು. ಒಬ್ಬರೇ ಅಳೆದುಕೊಳ್ಳುವುದು ಕಷ್ಟ, ಇನ್ನೊಬ್ಬರ ನೆರವು ಪಡೆಯಿರಿ. ವಯಸ್ಕರಲ್ಲಿ ಬಹುಪಾಲು ಜನರಿಗೆ ಇದು 40ರಿಂದ 55 ಸೆಂಟಿಮೀಟರಿನ ನಡುವೆ ಬರುತ್ತದೆ. ಬ್ಯಾಗಿನ ವಿವರದಲ್ಲಿ ಯಾವ ಸೈಜು ಎಷ್ಟು ಉದ್ದದ ಬೆನ್ನಿಗೆ ಎಂದು ಕೊಟ್ಟಿರುತ್ತಾರೆ. ಕೊಟ್ಟಿಲ್ಲದ, ‘ಎಲ್ಲರಿಗೂ ಹೊಂದುತ್ತದೆ’ ಎನ್ನುವ ಬ್ಯಾಗು ಹಗಲಿನ ಚಾರಣಕ್ಕೆ ನಡೆದೀತು. ರಾತ್ರಿಯ ಭಾರಕ್ಕೆ ನಾನಂತೂ ಅದನ್ನು ಸೂಚಿಸುವುದಿಲ್ಲ.

ಸೊಂಟದ ಬೆಲ್ಟು ಹೊಟ್ಟೆಯ ಮೇಲೆ ಕಟ್ಟುವುದಲ್ಲ. ಸೊಂಟದ ಎರಡೂ ಬದಿಯಲ್ಲಿ ಕೈಗೆ ಸಿಗುವ ಮೂಳೆಯ ಅಂಚನ್ನು ಬೆಲ್ಟಿನ ಮೆತ್ತೆ ಮೇಲಿಂದಲೂ ಕೆಳಗಿಂದಲೂ ತಬ್ಬಿಕೊಳ್ಳುವಂತೆ, ಮೂಳೆ ಬೆಲ್ಟಿನ ನಡುಮಧ್ಯಕ್ಕೆ ಬರುವಂತೆ ಕೂರಿಸಬೇಕು. ಆಗ ಭಾರದ ದೊಡ್ಡ ಪಾಲು ಮೂಳೆಯ ಮೇಲೆ ಕೂತು ನೇರವಾಗಿ ಕಾಲಿಗೆ ಇಳಿಯುತ್ತದೆ. ನಡಿಗೆಗೆಂದೇ ಬೆಳೆದ ದೊಡ್ಡ ಸ್ನಾಯುಗಳು ಅಲ್ಲಿವೆ. ಬ್ಯಾಗಿನ ಬೆನ್ನು ಗಿಡ್ಡವಾದರೆ ಬೆಲ್ಟು ಮೇಲೇರಿ ಹೊಟ್ಟೆ ಒತ್ತುತ್ತದೆ, ಏರು ಹಾದಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಉದ್ದವಾದರೆ ಬೆಲ್ಟು ಕೆಳಗೆ ಜಾರುತ್ತದೆ, ಭುಜದ ಪಟ್ಟಿಗೂ ಭುಜಕ್ಕೂ ನಡುವೆ ಸಂದು ಬೀಳುತ್ತದೆ, ಹೆಜ್ಜೆಗೊಮ್ಮೆ ಬ್ಯಾಗು ತೊನೆಯುತ್ತದೆ.

ಹೊತ್ತುಕೊಳ್ಳುವುದಕ್ಕೂ ಒಂದು ಕ್ರಮವಿದೆ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟದ ಬೆಲ್ಟನ್ನು ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ. ಆಮೇಲೆ ಭುಜದ ಪಟ್ಟಿಗಳನ್ನು ಮೈಗೆ ತಾಗುವಷ್ಟು ಎಳೆಯಿರಿ, ಭಾರ ಎತ್ತುವಷ್ಟಲ್ಲ. ಭುಜದ ಮೇಲಿನಿಂದ ಬ್ಯಾಗಿನ ತಲೆಯತ್ತ ಹೋಗುವ ಎರಡು ಪುಟ್ಟ ಪಟ್ಟಿಗಳಿಗೆ ‘ಲೋಡ್ ಲಿಫ್ಟರ್’ ಎನ್ನುತ್ತಾರೆ. ಅವು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಮೇಲಕ್ಕೆ ಹೋಗುವಂತಿದ್ದರೆ ಎಳೆದಾಗ ಬ್ಯಾಗಿನ ಮೇಲ್ಭಾಗ ಬೆನ್ನಿಗೆ ಹತ್ತಿರ ಬರುತ್ತದೆ. ಅಡ್ಡವಾಗಿ ಮಲಗಿದ್ದರೆ ಅವುಗಳಿಂದ ಏನೂ ಆಗುವುದಿಲ್ಲ. 20 ಲೀಟರಿನ ಬ್ಯಾಗಿನಲ್ಲಿ ಇವು ಇಲ್ಲವೆಂದು ಕೊರಗಬೇಕಿಲ್ಲ. ಕೊನೆಗೆ ಎದೆಪಟ್ಟಿ, ಕಾಲರ್ ಮೂಳೆಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ, ಭುಜದ ಪಟ್ಟಿ ಹೊರಕ್ಕೆ ಜಾರದಷ್ಟು ಮಾತ್ರ.

ಕೈಬೆರಳು ಜೋಮು ಹಿಡಿದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ. ತೋಳಿಗೆ ಹೋಗುವ ನರಗಳ ಗೊಂಚಲು ಕಾಲರ್ ಮೂಳೆಯ ಕೆಳಗೆ ಹಾದುಹೋಗುತ್ತದೆ. ಭುಜದ ಪಟ್ಟಿ ಗಂಟೆಗಟ್ಟಲೆ ಅಲ್ಲಿ ಒತ್ತಿದರೆ ಮರಗಟ್ಟುವಿಕೆ, ಕೈಯಲ್ಲಿ ಶಕ್ತಿ ಕುಂದುವುದು ಶುರುವಾಗುತ್ತದೆ. ಭಾರೀ ಹೊರೆ ಹೊರುವ ಸೈನಿಕರಲ್ಲಿ ಇದು ಗುರುತಿಸಲ್ಪಟ್ಟ ತೊಂದರೆ. ಕೂಡಲೇ ನಿಂತು ಭಾರವನ್ನು ಸೊಂಟಕ್ಕೆ ವರ್ಗಾಯಿಸಬೇಕು.

ಮಹಿಳೆಯರಿಗೆಂದು ಬರುವ ಬ್ಯಾಗುಗಳಲ್ಲಿ ಭುಜದ ಪಟ್ಟಿಗಳ ನಡುವಿನ ಅಂತರ ಕಡಿಮೆ, ಪಟ್ಟಿಯ ಬಾಗು ಬೇರೆ, ಬೆಲ್ಟಿನ ಓರೆಯೂ ಬೇರೆ. ಕಿರಿದಾದ ಭುಜದ ಗಂಡಸಿಗೂ ಅದು ಹೊಂದೀತು, ಅಗಲ ಭುಜದ ಹೆಂಗಸಿಗೆ ಇನ್ನೊಂದು ಹೊಂದೀತು. ಲೇಬಲ್ ಬಿಟ್ಟು ಹಾಕಿಕೊಂಡು ನೋಡಿ.

ಫ್ರೇಮ್ ಬೇಕೇ?

ಅಮೆರಿಕದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯುಮಿನಿಯಂ ಕೊಳವೆಗಳ ಹೊರ ಫ್ರೇಮಿರುವ ಬ್ಯಾಗುಗಳನ್ನು ಮಾರತೊಡಗಿದರು. ಭಾರವನ್ನು ಭುಜದಿಂದ ಸೊಂಟಕ್ಕೆ ಇಳಿಸುವ ಯೋಚನೆ ಜನಪ್ರಿಯವಾದದ್ದು ಆಗ. ಗ್ರೆಗ್ ಲೋ 1967ರಲ್ಲಿ ಫ್ರೇಮನ್ನು ಬ್ಯಾಗಿನ ಒಳಗೇ ಅಡಗಿಸಿದರು. ಬ್ಯಾಗು ಮೈಗೆ ಅಂಟಿಕೊಂಡಿತು, ಬಂಡೆ ಹತ್ತುವಾಗ ಅತ್ತಿತ್ತ ಎಳೆಯುವುದು ತಪ್ಪಿತು. ಇಂದು ನಾವು ಹೊರುವ ಬಹುತೇಕ ಬ್ಯಾಗುಗಳು ಆ ಎರಡನೆಯ ಯೋಚನೆಯ ಸಂತಾನ.

ಫ್ರೇಮಿನ ಕೆಲಸವನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಬೆಲ್ಟು ಕೆಳಗಿದೆ, ಭುಜದ ಪಟ್ಟಿ ಮೇಲಿದೆ. ಇವೆರಡರ ನಡುವಿನ ಅಂತರ ನಿಮ್ಮ ಮುಂಡದ ಉದ್ದಕ್ಕೆ ಸಮವಾಗಿ ಉಳಿದಿರುವವರೆಗೆ ಭಾರ ಬೆಲ್ಟಿಗೆ ಇಳಿಯುತ್ತದೆ. ಒಳಗಿನ ಭಾರಕ್ಕೆ ಬ್ಯಾಗು ಮಡಚಿ ಗಿಡ್ಡವಾದರೆ ಬೆಲ್ಟು ಎಷ್ಟೇ ದಪ್ಪವಿರಲಿ, ಎಷ್ಟೇ ಬಿಗಿಯಿರಲಿ, ಭಾರವೆಲ್ಲ ಭುಜಕ್ಕೇ ಬಂದು ಜೋತುಬೀಳುತ್ತದೆ. ಹಾಗೆ ಮಡಚದಂತೆ ತಡೆಯುವುದೇ ಫ್ರೇಮು. ಅದು ಒಂದು ಪ್ಲಾಸ್ಟಿಕ್ ಹಾಳೆಯಿರಬಹುದು, ಒಂದೆರಡು ಅಲ್ಯುಮಿನಿಯಂ ಪಟ್ಟಿಗಳಿರಬಹುದು, ಅಂಚಿನ ಸುತ್ತ ಓಡುವ ತಂತಿಯಿರಬಹುದು. ಫ್ರೇಮಿಲ್ಲದ ಬ್ಯಾಗಿಗೆ ದಪ್ಪ ಬೆಲ್ಟು ಹೊಲಿದು ಮಾರುವುದನ್ನು ನೋಡಿದಾಗಲೆಲ್ಲ ಆ ಬೆಲ್ಟು ಯಾವ ಭಾರವನ್ನು ಹೊರುತ್ತದೆ ಎಂಬ ಪ್ರಶ್ನೆ ಕೇಳಿಕೊಳ್ಳಿ.

ಫ್ರೇಮಿಲ್ಲದ ಬ್ಯಾಗು ಒಟ್ಟು ಭಾರ 7ರಿಂದ 9 ಕೆಜಿಯವರೆಗೆ ಸುಖವಾಗಿರುತ್ತದೆ. ಅದರಾಚೆಗೆ ಪ್ರತಿ ಕೆಜಿಯೂ ಕಾಡುತ್ತದೆ. ಹಗಲಿನ ಚಾರಣದ 4 ಕೆಜಿಗೆ ಫ್ರೇಮ್ ಅನಗತ್ಯ, ಬ್ಯಾಗು ಅಲುಗದಂತೆ ಹಿಡಿಯಲು ಎರಡು ಸೆಂಟಿಮೀಟರ್ ಅಗಲದ ಬರಿಯ ಪಟ್ಟಿ ಸಾಕು. ರಾತ್ರಿಯ ಸಾಮಾನನ್ನು 7 ಕೆಜಿಗೆ ಇಳಿಸಿಕೊಂಡವರು ಫ್ರೇಮಿಲ್ಲದ 500–600 ಗ್ರಾಮಿನ ಬ್ಯಾಗಿನಲ್ಲಿ ಹಾಯಾಗಿ ಹೋಗಿಬರಬಹುದು. ಮಲಗುವ ಫೋಮ್ ಮ್ಯಾಟನ್ನು ಮಡಚಿ ಬೆನ್ನಿನ ಬದಿಗೆ ಇಟ್ಟರೆ, ಅಥವಾ ಸುರುಳಿಯಾಗಿ ಬ್ಯಾಗಿನೊಳಗೆ ನಿಲ್ಲಿಸಿ ನಡುವೆ ಸಾಮಾನು ತುಂಬಿದರೆ, ಅದೇ ಒಂದು ಮಟ್ಟಿಗೆ ಫ್ರೇಮಿನ ಕೆಲಸ ಮಾಡುತ್ತದೆ. 10 ಕೆಜಿ ಆಸುಪಾಸಿನವರು ಒಳ ಫ್ರೇಮಿರುವ 900ರಿಂದ 1,300 ಗ್ರಾಮಿನ ಬ್ಯಾಗನ್ನು ಯಾವ ಅಳುಕೂ ಇಲ್ಲದೆ ಆರಿಸಿಕೊಳ್ಳಲಿ. ಹಗುರದ ಹೆಸರಿನಲ್ಲಿ ಫ್ರೇಮ್ ಬಿಟ್ಟು ಭುಜ ನೋಯಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿ ಆಡುವಂತೆ ಬಲೆಯನ್ನು ಬಿಗಿದ ಮಾದರಿಗಳಿವೆ. ಬಿಸಿಲಲ್ಲಿ ಹಿತವೇನೋ ನಿಜ. ಆದರೆ ಬಲೆಯನ್ನು ಬಿಗಿದು ಹಿಡಿಯಲು ಬಾಗಿದ ಫ್ರೇಮ್ ಬೇಕು, ತೂಕ ಏರುತ್ತದೆ, ಭಾರ ಬೆನ್ನಿನಿಂದ ಹಿಂದಕ್ಕೆ ಸರಿಯುತ್ತದೆ. ತುಂಬಿದ ಬಕೆಟನ್ನು ಮೈಗೊತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಕೆಲಸ ಮಾಡುತ್ತದೆ. 4 ಕೆಜಿಗೆ ಅದು ಗೊತ್ತಾಗದು, ರಾತ್ರಿಯ ಭಾರಕ್ಕೆ ಕಡಿದಾದ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ತುಂಬುವಾಗಲೂ ನೀರು, ಆಹಾರದಂಥ ಭಾರದ ವಸ್ತುಗಳು ಬೆನ್ನಿಗೆ ಹತ್ತಿರ, ನಡುಬೆನ್ನಿನ ಎತ್ತರದಲ್ಲಿ ಇರಬೇಕು. ಸ್ಲೀಪಿಂಗ್ ಬ್ಯಾಗು ತಳದಲ್ಲಿರಲಿ.

ಬಟ್ಟೆ, ಲೇಪ, ಮಳೆ

‘70ಡಿ’, ‘210ಡಿ’ ಎಂದು ಬರೆದಿರುವುದು ಡೆನಿಯರ್ ಎಂಬ ಅಳತೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಅಂದರೆ ಇದು ನೂಲಿನ ದಪ್ಪವನ್ನು ಹೇಳುತ್ತದೆ, ಗಟ್ಟಿತನವನ್ನು ಪೂರ್ತಿ ಹೇಳುವುದಿಲ್ಲ. ಅದೇ ಡೆನಿಯರಿನಲ್ಲಿ ಒಳ್ಳೆಯ ನೈಲಾನ್ ಸಾಮಾನ್ಯ ಪಾಲಿಯೆಸ್ಟರಿಗಿಂತ ಹೆಚ್ಚು ಎಳೆತ, ಉಜ್ಜಾಟ ತಾಳುತ್ತದೆ. ಬಟ್ಟೆಯಲ್ಲಿ ಚೌಕಚೌಕವಾಗಿ ದಪ್ಪ ಎಳೆ ಕಾಣುವುದು ರಿಪ್‌ಸ್ಟಾಪ್ ನೇಯ್ಗೆ. ಹರಿದರೂ ಹರುಕು ಆ ಎಳೆಯ ಬಳಿ ನಿಲ್ಲುತ್ತದೆ. ಮೈಭಾಗ 100 ಡೆನಿಯರ್, ತಳ 210 ಅಥವಾ ಹೆಚ್ಚು ಇದ್ದರೆ ನಮ್ಮ ಉದ್ದೇಶಕ್ಕೆ ಚೆನ್ನಾಗಿ ಬಾಳುತ್ತದೆ. ಬ್ಯಾಗು ನೆಲಕ್ಕೆ, ಬಂಡೆಗೆ ಉಜ್ಜುವುದು ತಳದಲ್ಲಿ. ಮೈಯೆಲ್ಲ 30 ಡೆನಿಯರ್ ಇರುವ ಬ್ಯಾಗು ಅಂಗೈಯಗಲ ಮಡಚಿದರೂ ಮುಳ್ಳು ಪೊದೆಯ ಹಾದಿಗೆ ಸಲ್ಲದು.

ಡೈನೀಮಾ ಎಂಬ ಹೆಸರು ಈಗ ಎಲ್ಲೆಡೆ ಕೇಳುತ್ತದೆ. ಪಾಲಿಥೀನ್ ಕುಟುಂಬದ ಅತಿ ಗಟ್ಟಿಯಾದ ಎಳೆಯಿದು, ನೀರಿನ ಮೇಲೆ ತೇಲುವಷ್ಟು ಹಗುರ. ಆ ಎಳೆಗಳನ್ನು ತೆಳು ಪ್ಲಾಸ್ಟಿಕ್ ಪೊರೆಗಳ ನಡುವೆ ಅಂಟಿಸಿ ಮಾಡುವ ಹಾಳೆ ಹುಟ್ಟಿದ್ದು ಹಾಯಿದೋಣಿಯ ಪಟಕ್ಕಾಗಿ. ಮೊದಲಿಗೆ ಅದರ ಹೆಸರು ಕ್ಯೂಬೆನ್ ಫೈಬರ್. ನೀರು ಹೀರದ, ಮಳೆಯಲ್ಲಿ ಭಾರವಾಗದ ಗುಣ ಇದಕ್ಕಿದೆ. ಚೂಪಾದ ವಸ್ತು ಚುಚ್ಚಿದರೆ, ಬಹುಕಾಲ ಉಜ್ಜಿದರೆ ಪೊರೆ ತೂತಾಗುತ್ತದೆ, ಬೆಲೆಯೂ ಹಲವು ಪಟ್ಟು. ತಿಂಗಳುಗಟ್ಟಲೆ ನಡೆಯುವವರ ಲೆಕ್ಕ ಬೇರೆ. ವಾರಾಂತ್ಯದ ಚಾರಣಕ್ಕೆ ನೈಲಾನೇ ಸಾಕೆಂದು ನನ್ನ ಖಚಿತ ಅಭಿಪ್ರಾಯ.

ಬಟ್ಟೆ ನೀರು ತಡೆದರೂ ಬ್ಯಾಗು ತಡೆಯುವುದಿಲ್ಲ. ಹೊಲಿಗೆಯ ಪ್ರತಿ ಸೂಜಿ ತೂತೂ ನೀರಿನ ದಾರಿ. ಹೊರಗೆ ಹಾಕುವ ರೇನ್ ಕವರ್ ಬೆನ್ನಿನ ಬದಿಯನ್ನು ಮುಚ್ಚುವುದಿಲ್ಲ, ಜೋರು ಗಾಳಿಗೆ ಹಾರುತ್ತದೆ, ಪೊದೆಗೆ ಸಿಕ್ಕಿ ಹರಿಯುತ್ತದೆ. ಅದರ ಬದಲು ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಅಸ್ತರಿಯಂತೆ ಇಳಿಸಿ, ಸಾಮಾನು ತುಂಬಿ, ಬಾಯಿಯನ್ನು ತಿರುಚಿ ಮಡಚಿಡುವುದು ಹೆಚ್ಚು ನೆಚ್ಚಿಕೆಯದು, ಹಗುರವೂ ಹೌದು. ಒದ್ದೆ ಜಾಕೆಟ್ಟು, ಒದ್ದೆ ಟೆಂಟು ಮಾತ್ರ ಹೊರಗಿನ ಬಲೆ ಜೇಬಿನಲ್ಲಿರಲಿ.

ಉಳಿದ ಸಂಗತಿಗಳು ಸರಳ. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಬ್ಯಾಗಿನಲ್ಲಿ ಕೆಡುವಂಥದ್ದು ಕಡಿಮೆ, ಗಾತ್ರವನ್ನೂ ಬೇಕಾದಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಉದ್ದ ಜಿಪ್ ಇರುವ ಬ್ಯಾಗಿನಲ್ಲಿ ಸಾಮಾನು ಹುಡುಕುವುದು ಸುಲಭ, ಆದರೆ ಅಗತ್ಯಕ್ಕಿಂತ ತುಂಬಿ ಎಳೆದರೆ ಮೊದಲು ಸೋಲುವುದು ಜಿಪ್ಪೇ. ಪಕ್ಕದ ಜೇಬಿನಿಂದ ನೀರಿನ ಬಾಟಲಿಯನ್ನು ಬ್ಯಾಗು ಕಳಚದೆ ತೆಗೆದು ಮತ್ತೆ ಇಡಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಕೈ ಎಟುಕದಿದ್ದರೆ ಜನ ನೀರು ಕುಡಿಯುವುದನ್ನೇ ಮುಂದೂಡುತ್ತಾರೆ. ಭುಜದ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಹಾಕಿರಬೇಕು. ಬ್ಯಾಗನ್ನು ಎತ್ತಿ ಹೆಗಲಿಗೇರಿಸುವಾಗ ಭಾರವೆಲ್ಲ ತೂಗುವುದು ಅಲ್ಲಿಂದಲೇ.

ಎರಡೂ ಬಗೆಯ ಓಡಾಟಕ್ಕೆ ಒಂದೇ ಬ್ಯಾಗು ಸಾಕೆನ್ನುವವರು 30–35 ಲೀಟರಿನದನ್ನು, ಬೆಲ್ಟು ಬಿಚ್ಚಿಡಬಹುದಾದದ್ದನ್ನು, ಎರಡೂ ಪಕ್ಕದಲ್ಲಿ ಬಿಗಿಯುವ ಪಟ್ಟಿ ಇರುವುದನ್ನು ನೋಡಲಿ. ಅರ್ಧ ಖಾಲಿಯಿರುವಾಗ ಆ ಪಟ್ಟಿಗಳಿಂದ ಬಿಗಿಯದಿದ್ದರೆ ಸಾಮಾನೆಲ್ಲ ತಳಕ್ಕೆ ಕುಸಿದು ಬ್ಯಾಗು ಹಿಂದಕ್ಕೆ ಜಗ್ಗುತ್ತದೆ. ಚಳಿಗಾಲದಲ್ಲೂ ರಾತ್ರಿ ಉಳಿಯುವ ಅಭ್ಯಾಸವಿರುವವರಿಗೆ ಇದು ಇಕ್ಕಟ್ಟಾಗುತ್ತದೆ. ಅವರಿಗೆ 18–20 ಲೀಟರಿನದೊಂದು, 40 ಲೀಟರಿನದೊಂದು ಎಂದು ಎರಡು ಇಟ್ಟುಕೊಳ್ಳುವುದೇ ಲೇಸು.

ಕೊಳ್ಳುವ ಮುನ್ನ ನಿಮ್ಮ ನಿಜವಾದ ಭಾರವನ್ನೇ ತುಂಬಿ ಅರ್ಧ ಗಂಟೆ ಹೊತ್ತು ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ, ತಲೆಯೆತ್ತಿ ನೋಡಿ. ತಲೆ ಬ್ಯಾಗಿಗೆ ತಾಗಬಾರದು. ಮೊದಲ ಐದು ನಿಮಿಷ ಎಲ್ಲ ಬ್ಯಾಗೂ ಹಿತವೇ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಚೀಟಿ ಕೀಳದೆ ಮನೆಯೊಳಗೇ ಈ ಪರೀಕ್ಷೆ ಮುಗಿಸಿ, ಹೊಂದದಿದ್ದರೆ ಮರಳಿಸಿ.

ಬಳಸಿದ ಬ್ಯಾಗು ಕಡಿಮೆ ಬೆಲೆಗೆ ಸಿಕ್ಕರೆ ಕೊಳ್ಳಲು ಹಿಂಜರಿಯಬೇಕಿಲ್ಲ, ಆದರೆ ಒಳಗೆ ಕೈ ಹಾಕಿ ನೋಡಿ. ನೈಲಾನಿನ ಒಳಬದಿಗೆ ಬಳಿಯುವ ಪಾಲಿಯುರಿಥೇನ್ ಲೇಪ ತೇವದಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ಒಡೆಯತೊಡಗುತ್ತದೆ. ಬೆರಳಿಗೆ ಅಂಟುತ್ತದೆ, ಹುಳಿ ವಾಸನೆ ಬರುತ್ತದೆ, ಹೊಟ್ಟಿನಂತೆ ಉದುರುತ್ತದೆ. ಆ ಹಂತಕ್ಕೆ ಬಂದ ಲೇಪವನ್ನು ಯಾವ ಸೋಪೂ ಸರಿಪಡಿಸದು. ನಿಮ್ಮ ಹೊಸ ಬ್ಯಾಗಿಗೆ ಹಾಗಾಗದಿರಲು ಪ್ರತಿ ಸಲ ಬಂದೊಡನೆ ಖಾಲಿ ಮಾಡಿ, ಬೆವರು ಹತ್ತಿದ ಪಟ್ಟಿಗಳನ್ನು ತಣ್ಣೀರು ಮತ್ತು ಸೌಮ್ಯ ಸೋಪಿನಿಂದ ಕೈಯಲ್ಲೇ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಡಚದೆ ತೂಗುಹಾಕಿ.